ತಾತನ ಕ್ಯಾಸೆಟ್, ಅತ್ತೆಯ ದನಿ: ಹಳೇ ಸಾಮಾನಿನಲ್ಲಿ ಮನೆಯಲ್ಲೇ ಮಾಡಿದ ರೆಕಾರ್ಡಿಂಗ್

ಕ್ಯಾಸೆಟ್ಟಿನ ಮೇಲೆ ತಾತ ನೀಲಿ ಇಂಕಿನಲ್ಲಿ ಬರೆದಿದ್ದು ಇಷ್ಟೇ: "ಕಾಪಿ. ಕಪ್ಪು 4. 1987." ಕಾಪಿ ಅಂದರೆ ರಾಗ, ಕಪ್ಪು 4 ಅಂದರೆ ಹಾರ್ಮೋನಿಯಂನ ನಾಲ್ಕನೇ ಕಪ್ಪು ಮನೆಯ (ಬೆರಳಲ್ಲಿ ಒತ್ತುವ ಪಟ್ಟಿಯ) ಶ್ರುತಿ. ಒಳಗೆ ಏನಿದೆ ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ತಾತ ಒಬ್ಬರೇ ಕೂತು ಹಾರ್ಮೋನಿಯಂ ನುಡಿಸಿದ್ದಾರೆ, ಹಾಡು ಇಲ್ಲ. ಅತ್ತೆಗೆ ಮದುವೆ ಗೊತ್ತಾದಾಗ, ಗಂಡನ ಮನೆಗೆ ಹೋದ ಮೇಲೂ ಹಾಡುವ ಅಭ್ಯಾಸ ತಪ್ಪಬಾರದು ಅಂತ ದೇವರನಾಮಗಳ ಮಟ್ಟನ್ನೆಲ್ಲ ನುಡಿಸಿ ತುಂಬಿಸಿಕೊಟ್ಟಿದ್ದರು. ಅತ್ತೆ ಸೇರಿದ ಮನೆಯಲ್ಲಿ ಟೇಪ್ ರೆಕಾರ್ಡರ್ ಇರಲಿಲ್ಲ. ಕ್ಯಾಸೆಟ್ಟು ಸೀರೆಗಳ ಕೆಳಗೆ, ಟ್ರಂಕಿನಲ್ಲೇ ಉಳಿಯಿತು.

ಹೋದ ವರ್ಷ ಅತ್ತೆ ಅದನ್ನು ತಂದು ನನ್ನ ಕೈಗಿಟ್ಟರು. "ಇದಕ್ಕೆ ಒಂದು ಸಲ ಹಾಡಬೇಕು ಕಣೋ" ಅಂದರು. ಸ್ಟುಡಿಯೋ ಬಾಡಿಗೆ ಕೊಡುವ ಶಕ್ತಿ ನನಗಿರಲಿಲ್ಲ. ನಾಲ್ಕು ಸಾವಿರ ರೂಪಾಯಿ ಎತ್ತಿಟ್ಟುಕೊಂಡೆ. ಮನೆಯಲ್ಲಿ ಇದ್ದದ್ದು, ಸೆಕೆಂಡ್ ಹ್ಯಾಂಡ್ ಸಿಕ್ಕಿದ್ದು, ಇಷ್ಟರಲ್ಲೇ ಮಾಡಬೇಕು ಅಂದುಕೊಂಡೆ. ಏನೇನು ಮಾಡಿದೆ, ಎಲ್ಲಿ ತಪ್ಪಿತು, ಹೇಗೆ ಸರಿಹೋಯಿತು ಅಂತ ಬರೆದಿಡುತ್ತಿದ್ದೇನೆ. ಇಂಥ ಕ್ಯಾಸೆಟ್ಟು ನಿಮ್ಮ ಮನೆಯಲ್ಲೂ ಇರಬಹುದು, ಅಲ್ವಾ?

ತಾತ ತುಮಕೂರು ಸೀಮೆಯ ಹಾರ್ಮೋನಿಯಂ ಮೇಷ್ಟ್ರು. ಗುಬ್ಬಿ ನಾಟಕ ಕಂಪನಿ 1884ರಲ್ಲಿ ಹುಟ್ಟಿದ ಜಿಲ್ಲೆ ಇದು. ಇವತ್ತಿಗೂ ಇಲ್ಲಿ ಹಳ್ಳಿಯವರು ಪೌರಾಣಿಕ ನಾಟಕ ಆಡಬೇಕು ಅಂದರೆ ಮೊದಲು ಹುಡುಕುವುದು ಮೇಷ್ಟ್ರನ್ನು. ಹಾಡು ಕಲಿಸುವುದು, ಮಾತು ತಿದ್ದುವುದು, ನಾಟಕದ ರಾತ್ರಿ ಸ್ಟೇಜಿನ ಮುಂದೆ ಕೂತು ಬೆಳಗಿನವರೆಗೂ ನುಡಿಸುವುದು, ಎಲ್ಲ ಅವರದೇ. ತಾತನ ಹಾರ್ಮೋನಿಯಂ ಈಗಲೂ ನಮ್ಮ ನಡುಮನೆಯಲ್ಲಿದೆ. ಈ ಕೆಲಸಕ್ಕೆ ಅದು ಎಷ್ಟು ಬೇಕಾಯಿತು ಅಂತ ಮುಂದೆ ಹೇಳುತ್ತೇನೆ.

ಮೊದಲು ಟೇಪ್ ರೆಕಾರ್ಡರ್

ಅಟ್ಟದ ಮೇಲೆ ಟೂ ಇನ್ ಒನ್ ಇತ್ತು. ರೇಡಿಯೋ ಮಾತಾಡುತ್ತಿತ್ತು. ಪ್ಲೇ ಒತ್ತಿದರೆ ಮೋಟಾರ್ ತಿರುಗುವ ಸದ್ದು ಬರುತ್ತಿತ್ತು, ಟೇಪ್ ಮಾತ್ರ ಓಡುತ್ತಿರಲಿಲ್ಲ. ಹಿಂದಿನ ಮುಚ್ಚಳ ಬಿಚ್ಚಿದಾಗ ಕಾರಣ ಕಂಡಿತು. ಬೆಲ್ಟ್ ಕರಗಿ ಡಾಂಬರಿನ ಹಾಗೆ ಪುಲ್ಲಿಗೆ ಮೆತ್ತಿಕೊಂಡಿತ್ತು. ಹಳೇ ರಬ್ಬರ್ ಬೆಲ್ಟಿನ ಹಣೆಬರಹವೇ ಇದು. ಬಟ್ಟೆಗೆ ತಾಗಿದರೆ ಕಲೆ ಹೋಗುವುದಿಲ್ಲ. ಹಳೇ ಬನಿಯನ್ ಹಾಕಿಕೊಂಡು ಕೂರುವುದು ಒಳ್ಳೆಯದು.

ಐಸೋಪ್ರೊಪೈಲ್ ಆಲ್ಕೋಹಾಲ್ ಒಂದು ಬಾಟಲಿ, ಕಿವಿಗೆ ಹಾಕುವ ಹತ್ತಿಕಡ್ಡಿ ಒಂದು ಡಬ್ಬಿ. ಎರಡು ಗಂಟೆ ಒರೆಸಿದೆ. ಪುಲ್ಲಿಯ ಕೊರಕಲಿನಲ್ಲಿ ಸಾಸಿವೆ ಕಾಳಿನಷ್ಟು ಕಪ್ಪು ಉಳಿದರೂ ಸಾಕು, ಅದು ಒಂದೊಂದು ಸುತ್ತಿಗೂ ಸ್ವರವನ್ನು ಅಲುಗಿಸುತ್ತದೆ. ಆಮೇಲೆ ಬೆಲ್ಟ್ ಓಡುವ ದಾರಿಯಲ್ಲಿ ಹೊಲಿಗೆ ದಾರ ಸುತ್ತಿ ಅಳತೆ ತೆಗೆದೆ. ಹೊಸ ಬೆಲ್ಟಿನ ಸುತ್ತಳತೆ ಆ ದಾರಕ್ಕಿಂತ ನೂರಕ್ಕೆ ಐದರಷ್ಟು ಕಮ್ಮಿ ಇರಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬೇರೆ ಬೇರೆ ಸೈಜಿನ ಬೆಲ್ಟುಗಳ ಒಂದು ಪ್ಯಾಕೆಟ್ ಸಿಕ್ಕಿತು. ಮೊದಲು ಜಾಸ್ತಿ ಬಿಗಿ ಇರುವುದನ್ನೇ ಹಾಕಿದೆ, ಜಾರುವುದಿಲ್ಲವಲ್ಲ ಅಂತ. ಅದು ತಪ್ಪು. ಮೋಟಾರಿಗೆ ಭಾರ ಬಿದ್ದು ಎಳೆದೆಳೆದು ಓಡಿತು. ಒಂದು ಸೈಜ್ ದೊಡ್ಡದು ಹಾಕಿದ ಮೇಲೆ ಸಮನಾಯಿತು.

ಟೇಪ್ ತಾಗುವ ಹೆಡ್ಡನ್ನೂ ಅದರ ಪಕ್ಕದ ತೆಳು ಉಕ್ಕಿನ ಕಡ್ಡಿಯನ್ನೂ ಆಲ್ಕೋಹಾಲಿನಲ್ಲಿ ಒರೆಸಿದೆ. ಹತ್ತಿ ಕಂದು ಬಣ್ಣಕ್ಕೆ ತಿರುಗಿತು. ಅದು ಹಳೇ ಟೇಪುಗಳಿಂದ ಉದುರಿದ ಪುಡಿ. ಟೇಪನ್ನು ಒತ್ತಿ ಓಡಿಸುವ ರಬ್ಬರ್ ಗಾಲಿಗೆ ಮಾತ್ರ ಆಲ್ಕೋಹಾಲ್ ಮುಟ್ಟಿಸಲಿಲ್ಲ, ರಬ್ಬರ್ ಒಣಗಿ ಬಿರಿಯುತ್ತದೆ. ಸೋಪಿನ ನೀರಲ್ಲಿ ಅದ್ದಿದ ಬಟ್ಟೆ ಸಾಕಾಯಿತು. ಕಡ್ಡಿ ತಿರುಗುವ ಬುಡಕ್ಕೆ ಹೊಲಿಗೆ ಯಂತ್ರದ ಎಣ್ಣೆ ಒಂದೇ ಹನಿ. ಇನ್ನೊಂದು ಮಾತು: ಆಯಸ್ಕಾಂತ ಹಿಡಿದ ಸ್ಕ್ರೂಡ್ರೈವರನ್ನು ಹೆಡ್ಡಿನ ಹತ್ತಿರ ತರಬೇಡಿ. ಹೆಡ್ಡಿಗೆ ಆಯಸ್ಕಾಂತದ ಗುಣ ಅಂಟಿದರೆ 'ಸ್' ಅನ್ನುವ ಸದ್ದು ಏರುತ್ತದೆ.

ಕ್ಯಾಸೆಟ್ಟಿಗೆ ಹೊಸ ಮೈ

ತಾತನ ಕ್ಯಾಸೆಟ್ ಕೈಗೆತ್ತಿಕೊಂಡು ಮೊದಲು ಮಾಡಿದ್ದು ಹಿಂಭಾಗದ ಎರಡೂ ಪ್ಲಾಸ್ಟಿಕ್ ಚಿಪ್ಪುಗಳನ್ನು ಮುರಿದದ್ದು. ಅವು ಇದ್ದರೆ ರೆಕಾರ್ಡ್ ಬಟನ್ ಒತ್ತಲು ಬರುತ್ತದೆ. ಆ ಬಟನ್ ಇರುವುದು ಪ್ಲೇ ಪಕ್ಕದಲ್ಲೇ. ಒಂದು ಸಲ ಬೆರಳು ತಪ್ಪಿದರೆ ತಾತ ಅಳಿಸಿ ಹೋಗುತ್ತಾರೆ. ಇದೊಂದನ್ನು ದಯವಿಟ್ಟು ಎಲ್ಲಕ್ಕಿಂತ ಮುಂಚೆ ಮಾಡಿ.

ಸುಮ್ನೆ ಬೇರೊಂದು ಭಕ್ತಿಗೀತೆಯ ಕ್ಯಾಸೆಟ್ ಹಾಕಿ ನೋಡಿದರೆ ಚೆನ್ನಾಗಿ ಓಡಿತು. ತಾತನದು ಹಾಕಿದರೆ ದನಿ ಬಂದು ಬಂದು ಹೋಗುತ್ತಿತ್ತು, ಕಂಬಳಿ ಹೊದ್ದು ನುಡಿಸಿದ ಹಾಗೆ. ಕ್ಯಾಸೆಟ್ಟಿನ ಬಾಯಿಯ ಕಡೆ ನೋಡಿದೆ. ನಡುವೆ ತೆಳು ತಾಮ್ರದ ಪಟ್ಟಿಯ ಮೇಲೆ ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡದಾದ ಉಣ್ಣೆಯ ತುಂಡು ಇರುತ್ತದೆ. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವುದು ಅದೇ. ಇಲ್ಲಿ ಪಟ್ಟಿ ಇತ್ತು, ಉಣ್ಣೆ ಉದುರಿ ಹೋಗಿತ್ತು.

ತಾತನ ಕ್ಯಾಸೆಟ್ಟಿಗೆ ಸ್ಕ್ರೂ ಇಲ್ಲ, ಎರಡು ಹೋಳು ಸೇರಿಸಿ ಅಂಟಿಸಿದ್ದು. ಹಾಗಾಗಿ ಐದು ಸ್ಕ್ರೂ ಇರುವ ಒಂದು ಬೇಡದ ಕ್ಯಾಸೆಟ್ ಬಿಚ್ಚಿ, ಅದರ ಮೈಯೊಳಗೆ ಈ ಟೇಪನ್ನು ಕೂರಿಸುವುದು ಅಂತ ತೀರ್ಮಾನ ಮಾಡಿದೆ. ಊಟದ ಮೇಜಿನ ಮೇಲೆ ಬಿಳಿ ಪಂಚೆ ಹಾಸಿ, ಫ್ಯಾನ್ ಆರಿಸಿ, ಕೈ ತೊಳೆದು ಒರೆಸಿ ಕೂತೆ. ತರಕಾರಿ ಚಾಕುವಿನ ತುದಿಯನ್ನು ಜೋಡಿನ ಗೆರೆಗೆ ಇಟ್ಟು, ಮೂಲೆಯಿಂದ ನಿಧಾನವಾಗಿ ಮೀಟುತ್ತಾ ಬಂದೆ. 'ಟಕ್' ಅಂತ ಒಂದೊಂದೇ ಕಡೆ ಬಿಟ್ಟುಕೊಂಡಿತು. ಟೇಪಿನ ಅಗಲ ನಾಲ್ಕು ಮಿಲಿಮೀಟರೂ ಇಲ್ಲ, 3.81. ಅರವತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ಅಂಥದ್ದು ಸುಮಾರು 90 ಮೀಟರ್ ಸುತ್ತಿಕೊಂಡಿರುತ್ತದೆ. ಸುರುಳಿ ಜಾರಿ ನೆಲಕ್ಕೆ ಬಿದ್ದರೆ ಇಡೀ ದಿನ ಬೇಕು. ಮೇಲಿನ ಹೋಳು ತೆಗೆದ ತಕ್ಷಣ ಟೇಪು ಯಾವ ಗಾಲಿಯ ಹೊರಗೆ, ಯಾವ ಕಡ್ಡಿಯ ಒಳಗೆ ಹೋಗಿದೆ ಅಂತ ಫೋನಿನಲ್ಲಿ ಫೋಟೋ ತೆಗೆದುಕೊಂಡೆ. ಎರಡು ಸುರುಳಿಯನ್ನೂ ಎರಡು ಕೈಯಲ್ಲಿ ಒಟ್ಟಿಗೆ ಎತ್ತಿ, ಹೊಸ ಮೈಯಲ್ಲಿ ಇಳಿಸಿದೆ. ಆ ಐದು ಸೆಕೆಂಡು ಉಸಿರು ಬಿಡಲಿಲ್ಲ. ಟೇಪನ್ನು ಬೆರಳಿನಲ್ಲಿ ಮುಟ್ಟದೆ ಹತ್ತಿಕಡ್ಡಿಯಿಂದ ತಳ್ಳಿ ದಾರಿಗೆ ಸೇರಿಸಿ, ಸ್ಕ್ರೂ ಹಾಕಿದೆ. ಸ್ಕ್ರೂ ಜಾಸ್ತಿ ಬಿಗಿ ಮಾಡಿದರೂ ಸುರುಳಿ ಉಜ್ಜುತ್ತದೆ. ಪೆನ್ಸಿಲ್ ಹಾಕಿ ತಿರುಗಿಸಿದಾಗ ಸಲೀಸಾಗಿ ತಿರುಗಿದರೆ ಸಾಕು.

ಈ ಸಲ ಪ್ಲೇ ಒತ್ತಿದಾಗ ಹಾರ್ಮೋನಿಯಂ ಎದುರಿಗೇ ಬಂತು. ಆದರೂ ಮಬ್ಬು ಪೂರ್ತಿ ಹೋಗಿರಲಿಲ್ಲ. ರೆಕಾರ್ಡ್ ಮಾಡಿದ ಹೆಡ್ಡಿನ ಓರೆಗೂ ಈಗ ಕೇಳಿಸುತ್ತಿರುವ ಹೆಡ್ಡಿನ ಓರೆಗೂ ಕೂದಲೆಳೆಯಷ್ಟು ವ್ಯತ್ಯಾಸ ಇದ್ದರೂ ಮೇಲಿನ ಸ್ವರಗಳ ಹೊಳಪು ಸತ್ತುಹೋಗುತ್ತದೆ. ಹೆಡ್ಡಿನ ಪಕ್ಕದಲ್ಲಿ ಸ್ಪ್ರಿಂಗ್ ಹಾಕಿದ ಒಂದು ಪುಟ್ಟ ಸ್ಕ್ರೂ ಇರುತ್ತದೆ. ಮೊದಲು ಎಲ್ಲಿತ್ತು ಅನ್ನುವುದಕ್ಕೆ ಉಗುರು ಬಣ್ಣದ ಚುಕ್ಕೆ ಇಟ್ಟೆ. ಟೇಪ್ ಓಡುತ್ತಿರುವಾಗಲೇ ಅದನ್ನು ಗಡಿಯಾರದ ಮುಳ್ಳು ಒಂದು ನಿಮಿಷ ಸರಿದಷ್ಟು ಸರಿಸುತ್ತಾ ಹೋದೆ. ಒಂದು ಜಾಗದಲ್ಲಿ ಹಾರ್ಮೋನಿಯಂ ಒಳಗೆ ಅದುರುವ ರೀಡುಗಳ ಸದ್ದು ತಟ್ಟನೆ ತೆರೆದುಕೊಂಡಿತು. ತಾತನ ಉಗುರು ಹಾರ್ಮೋನಿಯಂ ಮನೆಗೆ ತಾಗುವ ಸದ್ದೂ ಕೇಳಿಸಿತು. ಅಡುಗೆಮನೆಯಿಂದ ಅತ್ತೆ ಬಂದು ಬಾಗಿಲಲ್ಲಿ ನಿಂತರು, ಮಾತಾಡಲಿಲ್ಲ.

ಸ್ಪೀಡಿನ ಲೆಕ್ಕ

ನನಗೆ ಈ ಕೆಲಸದಲ್ಲಿ ತುಂಬಾ ಇಷ್ಟವಾದ ಭಾಗ ಇದು. ಅತ್ತೆ ಟೇಪಿನ ಜೊತೆ ಗುನುಗಿ ನೋಡಿ, "ಶ್ರುತಿ ಇಳಿದಿದೆ, ಅಪ್ಪ ಇಲ್ಲಿ ನುಡಿಸ್ತಿರಲಿಲ್ಲ" ಅಂದರು. ಕ್ಯಾಸೆಟ್ಟು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ನಿಧಾನ ಓಡಿದರೆ ತಾಳವೂ ಎಳೆಯುತ್ತದೆ, ಶ್ರುತಿಯೂ ಇಳಿಯುತ್ತದೆ. ಎಷ್ಟು ನಿಧಾನ ಅಂತ ತಿಳಿಯಲು ಟೆಸ್ಟ್ ಕ್ಯಾಸೆಟ್ ಅಂತ ಬರುತ್ತದೆ. ಅದು ನನ್ನ ಹತ್ತಿರ ಇಲ್ಲ. ಆದರೆ ನಮ್ಮ ಮನೆಯಲ್ಲಿ ಅದಕ್ಕಿಂತ ಒಳ್ಳೆಯದು ಇತ್ತು. ಟೇಪಿನಲ್ಲಿ ನುಡಿದ ಅದೇ ಹಾರ್ಮೋನಿಯಂ!

ನಡುಮನೆಗೆ ಹೋಗಿ ಕಪ್ಪು 4ರ ಮನೆ ಒತ್ತಿ, ಫೋನಿನ ಟ್ಯೂನರಿನಲ್ಲಿ ನೋಡಿದೆ. 208 ಹರ್ಟ್ಜ್. ಟೇಪಿನಲ್ಲಿ ತಾತ ಶುರುವಿನಲ್ಲಿ ಹಿಡಿದ ಷಡ್ಜ 199. ಅಂದರೆ ಬಿಳಿ 5ಕ್ಕೂ ಕಪ್ಪು 4ಕ್ಕೂ ನಡುವೆ ಎಲ್ಲೋ ತೂಗಾಡುತ್ತಿದೆ. ಹಿತ್ತಾಳೆ ರೀಡು ವರ್ಷಗಳಲ್ಲಿ ಸ್ವಲ್ಪ ಸರಿದಿರಬಹುದು, ಆದರೆ ಮುಕ್ಕಾಲು ಮನೆಯಷ್ಟು ಸರಿಯುವುದಿಲ್ಲ. ಅಂದಿನ ರೆಕಾರ್ಡರ್ ಎಷ್ಟು ಸ್ಪೀಡಿನಲ್ಲಿ ಓಡಿತ್ತೋ, ಇಂದಿನದು ಎಷ್ಟು ಓಡುತ್ತಿದೆಯೋ, ಎರಡರ ತಪ್ಪೂ ಸೇರಿ ಬಂದ ಲೆಕ್ಕ ಇದು. ಎರಡನ್ನೂ ಒಟ್ಟಿಗೆ ಸರಿಮಾಡುವುದೂ ಇದೇ.

ಇನ್ನೊಂದು ಸಾಕ್ಷಿಯೂ ಟೇಪಿನಲ್ಲೇ ಇತ್ತು. ತಾತ ಕರೆಂಟಿನಲ್ಲಿ ರೆಕಾರ್ಡ್ ಮಾಡಿದ್ದರಿಂದ ಹಿಂದೆ 'ಹುಂ' ಅನ್ನುವ ಗುಂಯ್ ಸದ್ದು ಇದೆ. ನಮ್ಮ ಕರೆಂಟು 50 ಹರ್ಟ್ಜ್, ಗುಂಯ್ ಬರುವುದು ಅದರ ದುಪ್ಪಟ್ಟು 100ರಲ್ಲಿ. ಸರಿಯಾದ ಸ್ಪೀಡಿನಲ್ಲಿ ಓಡಿದರೆ ಆ ಸದ್ದು 100ರ ಹತ್ತಿರ ಕಾಣಬೇಕು. ಆಡಾಸಿಟಿ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ಸ್ಪೆಕ್ಟ್ರಮ್ (ಎಷ್ಟು ಹರ್ಟ್ಜಿನಲ್ಲಿ ಎಷ್ಟು ಸದ್ದಿದೆ ಅನ್ನುವ ಚಿತ್ರ) ತೆಗೆದು, ಸೂಕ್ಷ್ಮವಾಗಿ ಕಾಣಲಿ ಅಂತ ಸೈಜನ್ನು 65536ಕ್ಕೆ ಏರಿಸಿ ನೋಡಿದೆ. ಗೆರೆ 95ರಲ್ಲಿ ಇತ್ತು. ಹಾರ್ಮೋನಿಯಂ ಲೆಕ್ಕಕ್ಕೂ ಇದಕ್ಕೂ ಚೂರು ವ್ಯತ್ಯಾಸ. ಆಗಿನ ಕಾಲದಲ್ಲಿ ಕರೆಂಟು ಈಗಿನ ಹಾಗೆ 50ರಲ್ಲಿ ಗಟ್ಟಿಯಾಗಿ ನಿಲ್ಲುತ್ತಿರಲಿಲ್ಲ, ಲೋಡು ಜಾಸ್ತಿಯಾದರೆ ಇಳಿಯುತ್ತಿತ್ತು. ಹಾಗಾಗಿ ನಾನು ನಂಬಿದ್ದು ರೀಡನ್ನೇ.

ಮೋಟಾರಿನ ಹಿಂದೆ ಒಂದು ಸಣ್ಣ ತೂತು, ಒಳಗೆ ತಿರುಗಿಸುವ ಪ್ರಿಸೆಟ್. ಸಣ್ಣ ಸ್ಕ್ರೂಡ್ರೈವರ್ ತೂರಿಸಿ ಒಂದಿಷ್ಟು ತಿರುಗಿಸಿದರೆ ಸ್ಪೀಡ್ ಬದಲಾಗುತ್ತದೆ. ತಾತ ಷಡ್ಜ ಹಿಡಿಯುವ ಹತ್ತು ಸೆಕೆಂಡನ್ನೇ ಹಿಂದೆ ಮುಂದೆ ಮಾಡಿ ಮಾಡಿ, 206.5ರವರೆಗೆ ತಂದೆ. ಅದರ ಮೇಲೆ ನನ್ನ ಕೈ ಅಷ್ಟು ಸೂಕ್ಷ್ಮ ಹೋಗಲಿಲ್ಲ. ಉಳಿದ ಮುಕ್ಕಾಲು ಪರ್ಸೆಂಟನ್ನು ಕಂಪ್ಯೂಟರಿನಲ್ಲಿ ಏರಿಸಿದೆ. ಅಲ್ಲಿ ಶ್ರುತಿ ಮಾತ್ರ ಬದಲಾಯಿಸುವ ಆಯ್ಕೆಯೂ ಇದೆ, ಅದು ಬೇಡ. ಟೇಪಿನಲ್ಲಿ ತಾಳ, ಶ್ರುತಿ ಎರಡೂ ಒಟ್ಟಿಗೆ ಇಳಿದಿವೆ, ಎರಡನ್ನೂ ಒಟ್ಟಿಗೇ ಏರಿಸುವ ಸ್ಪೀಡ್ ಬದಲಾವಣೆಯೇ ಬೇಕು.

ಕಂಪ್ಯೂಟರ್, ಕಾರ್ಡ್, ಮೈಕು

ಲ್ಯಾಪ್‌ಟಾಪ್ ನನ್ನ ಕಾಲೇಜಿನ ಕಾಲದ್ದು, 4 ಜಿಬಿ ರ್‍ಯಾಮ್. ಲಿನಕ್ಸ್ ಮಿಂಟ್ ಅನ್ನುವ ಆಪರೇಟಿಂಗ್ ಸಿಸ್ಟಂ ಹಾಕಿದ ಮೇಲೆ ಎದ್ದು ಕೂತಿತು. ಆಡಾಸಿಟಿ ದುಡ್ಡಿಲ್ಲದೆ ಸಿಗುತ್ತದೆ, 2000ನೇ ಇಸವಿಯಿಂದ ಇದೆ, ಎರಡು ಟ್ರ್ಯಾಕಿನ ಈ ಕೆಲಸಕ್ಕೆ ಧಾರಾಳ. ಜಾಸ್ತಿ ದುಡ್ಡು ಹೋಗಿದ್ದು ಮೈಕಿನ ದನಿಯನ್ನು ಕಂಪ್ಯೂಟರಿಗೆ ದಾಟಿಸುವ ಸೆಕೆಂಡ್ ಹ್ಯಾಂಡ್ ಬೆರಿಂಜರ್ ಯುಎಂ2 ಕಾರ್ಡಿಗೆ. ಒಂದೇ ಮೈಕ್ ಹಾಕಬಹುದು, ಪಕ್ಕದಲ್ಲಿ ಇನ್ನೊಂದು ಪಿನ್ನಿನ ತೂತು. ನಮಗೆ ಬೇಕಾದದ್ದೂ ಅಷ್ಟೇ.

ಟೂ ಇನ್ ಒನ್‌ನ ಇಯರ್‌ಫೋನ್ ತೂತಿನಿಂದ ಕಾರ್ಡಿಗೆ ವೈರ್ ಕೊಟ್ಟಾಗ, ಟೇಪಿನ ಗುಂಯ್ ಜೊತೆಗೆ ಹೊಸ ಗುಂಯ್ ಒಂದು ಸೇರಿತು. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತೆ, ಅರ್ಧ ಹೋಯಿತು. ಟೂ ಇನ್ ಒನ್‌ನ ಕರೆಂಟ್ ವೈರನ್ನೂ ಕಿತ್ತು ಆರು ದೊಡ್ಡ ಸೆಲ್ ಹಾಕಿದೆ, 9 ವೋಲ್ಟ್. ಹೊಸ ಗುಂಯ್ ಪೂರ್ತಿ ಹೋಯಿತು. ವಾಲ್ಯೂಮ್ ಮೂರನೇ ಒಂದು ಭಾಗಕ್ಕೆ ಇಟ್ಟು, ಅತಿ ಜೋರಿನ ಜಾಗವೂ ಮೈನಸ್ 12 ಡೆಸಿಬೆಲ್ ದಾಟದ ಹಾಗೆ ಇಳಿಸಿಕೊಂಡೆ.

ಮೈಕು ನಮ್ಮೂರ ಮೈಕ್ ಸೆಟ್ ಅಂಗಡಿಯಲ್ಲಿ ಸಿಕ್ಕಿತು. ಜಾಲರಿ ನೆಗ್ಗಿದ ಡೈನಾಮಿಕ್ ಮೈಕು. ಎಷ್ಟು ಮದುವೆ, ಎಷ್ಟು ನಾಟಕ ಕಂಡಿದೆಯೋ. ಕೇಬಲ್ ಅಲುಗಿಸಿದರೆ ಕರಕರ ಅನ್ನುತ್ತಿತ್ತು. ಕೇಬಲ್ಲಿನ ತುದಿ ಬಿಚ್ಚಿ ನೋಡಿದರೆ ಒಂದನೇ ಪಿನ್ನಿಗೆ ಬೆಸೆದ ಜಾಲರಿ ತಂತಿ ಒಂದೇ ಎಳೆಯಲ್ಲಿ ನೇತಾಡುತ್ತಿತ್ತು. ಒಂದಕ್ಕೆ ಜಾಲರಿ, ಎರಡಕ್ಕೆ ಮತ್ತು ಮೂರಕ್ಕೆ ಒಳಗಿನ ಎರಡು ತಂತಿ. ಮತ್ತೆ ಬೆಸೆದೆ. ಈ ಎರಡು ತಂತಿಯಲ್ಲಿ ದನಿ ಒಂದಕ್ಕೊಂದು ತಿರುವುಮುರುವಾಗಿ ಓಡುತ್ತದೆ, ಹೊರಗಿನ ಗದ್ದಲ ಮಾತ್ರ ಎರಡಕ್ಕೂ ಒಂದೇ ತರ ಅಂಟುತ್ತದೆ. ಆ ಕಡೆ ಕಾರ್ಡು ಒಂದರಲ್ಲಿ ಇನ್ನೊಂದನ್ನು ಕಳೆದಾಗ ಗದ್ದಲ ಹೋಗಿ ದನಿ ಉಳಿಯುತ್ತದೆ. ಹತ್ತು ರೂಪಾಯಿಯ ಸೀಸದಲ್ಲಿ ಮುಗಿಯುವ ಕೆಲಸಕ್ಕೆ ಎಷ್ಟು ಜನ ಹೊಸ ಮೈಕು ಕೊಂಡಿದ್ದಾರೋ ಅನ್ನಿಸಿತು.

ರಾಗಿ ಮೂಟೆಯ ಕೋಣೆ

ನಡುಮನೆಯಲ್ಲಿ ಚಪ್ಪಾಳೆ ತಟ್ಟಿದರೆ 'ಟಣ್' ಅಂತ ವಾಪಸ್ ಬರುತ್ತದೆ. ಕಡಪ ಕಲ್ಲಿನ ನೆಲ, ಬರಿ ಗೋಡೆ. ಉಗ್ರಾಣದಲ್ಲಿ ತಟ್ಟಿ ನೋಡಿದೆ. ಚಪ್ಪಾಳೆ ಅಲ್ಲೇ ಸತ್ತಿತು. ಎರಡು ಕಡೆ ರಾಗಿ ಮೂಟೆ, ಒಂದು ಕಡೆ ಮಡಿಸಿಟ್ಟ ಹಾಸಿಗೆಗಳು. ಬಾಗಿಲಿಗೆ ಎರಡು ಕಂಬಳಿ ಇಳಿಬಿಟ್ಟೆ. ಮೈಕಿಗೆ ಸ್ಟ್ಯಾಂಡ್ ಇಲ್ಲ. ಮುದ್ದೆ ಕೋಲನ್ನು ಸ್ಟೂಲಿಗೆ ಕಟ್ಟಿ, ಅದರ ತುದಿಗೆ ಸೈಕಲ್ ಟ್ಯೂಬಿನ ಪಟ್ಟಿಯಲ್ಲಿ ಮೈಕು ಬಿಗಿದೆ. ರಬ್ಬರ್ ಇರುವುದರಿಂದ ನೆಲದ ಅದುರು ಮೈಕಿಗೆ ಹತ್ತಲಿಲ್ಲ. 'ಪ', 'ಭ' ಬಂದಾಗ ಉಸಿರು ಬಡಿಯದಿರಲಿ ಅಂತ ಕಸೂತಿ ರಿಂಗಿಗೆ ಹಳೇ ನೈಲಾನ್ ಸೀರೆಯ ತುಂಡನ್ನು ಎರಡು ಪದರ ಹಾಕಿ ಮುಂದೆ ಕಟ್ಟಿದೆ. ಅತ್ತೆಯ ಬಾಯಿಗೂ ಮೈಕಿಗೂ ಒಂದು ಗೇಣಿಗಿಂತ ಸ್ವಲ್ಪ ಕಮ್ಮಿ. ದೂರ ಹೋದರೆ ಕಾರ್ಡಿನಲ್ಲಿ ಮೈಕಿನ ದನಿ ಹೆಚ್ಚಿಸುವ ಗೇನ್ ಮುಕ್ಕಾಲು ದಾಟಿಸಬೇಕಾಗುತ್ತದೆ, ಅಲ್ಲಿಂದ ಸುಯ್ ಅನ್ನುವ ಸದ್ದು ಶುರು.

ಹೊರಗಿನ ಸದ್ದು ದೊಡ್ಡ ಕಷ್ಟ. ಮೊದಲ ದಿನ ಬೆಳಗ್ಗೆ ಐದಕ್ಕೆ ಕೂತೆವು. ದೇವಸ್ಥಾನದ ಸುಪ್ರಭಾತ, ಆಮೇಲೆ ಹಾಲಿನ ಗಾಡಿ, ಆಮೇಲೆ ಪಕ್ಕದ ಮನೆಯ ನೀರಿನ ಮೋಟಾರ್. ಎರಡನೇ ದಿನವೂ ಹಾಗೇ ಆಯಿತು. ಮೂರನೇ ದಿನ ಮಧ್ಯಾಹ್ನ ಸುಮ್ನೆ ಕೂತಿದ್ದಾಗ ಕರೆಂಟು ಹೋಯಿತು. ಒಂದು ಕ್ಷಣದಲ್ಲಿ ಬೀದಿ ಪೂರ್ತಿ ಮೌನವಾಯಿತು. ಫ್ರಿಜ್ ಇಲ್ಲ, ಫ್ಯಾನ್ ಇಲ್ಲ, ಮೋಟಾರ್ ಇಲ್ಲ, ಟಿವಿ ಇಲ್ಲ. ನಮ್ಮ ಸಾಮಾನೆಲ್ಲ ಸೆಲ್ಲು, ಬ್ಯಾಟರಿಯಲ್ಲೇ ಓಡುತ್ತಿತ್ತು! ಅವತ್ತಿನಿಂದ ಯಾವ ದಿನ ಕರೆಂಟ್ ಇರುವುದಿಲ್ಲ ಅಂತ ಪೇಪರಿನಲ್ಲಿ ನೋಡಿ ದಿನ ಗೊತ್ತುಮಾಡಿದೆವು. ಕರೆಂಟು ಹೋಗಲಿ ಅಂತ ಕಾದದ್ದು ಜೀವನದಲ್ಲಿ ಅದೇ ಮೊದಲು.

ಅತ್ತೆ ಹಾಡಿದ್ದು

ಅತ್ತೆ ಹೆಡ್‌ಫೋನ್ ಹಾಕಿದವರೇ ಅಲ್ಲ. ಎರಡೂ ಕಿವಿ ಮುಚ್ಚಿದರೆ "ನನ್ನ ದನಿ ನನಗೇ ಕೇಳಿಸ್ತಿಲ್ಲ" ಅಂದರು. ಕಾರ್ಡಿನಲ್ಲಿ ಡೈರೆಕ್ಟ್ ಮಾನಿಟರ್ ಅನ್ನುವ ಬಟನ್ ಇದೆ. ಒತ್ತಿದರೆ ಮೈಕಿನ ದನಿ ಕಂಪ್ಯೂಟರಿಗೆ ಹೋಗಿ ಬರುವ ಮುಂಚೆಯೇ ಕಿವಿಗೆ ಬರುತ್ತದೆ, ತಡ ಇರುವುದಿಲ್ಲ. ಆದರೂ ಬಲಗಿವಿ ಬಿಡಿಸಿಕೊಂಡೇ ಹಾಡಿದರು, ಆ ಕಡೆಯ ಸ್ಪೀಕರನ್ನು ಕೆನ್ನೆಗೆ ಒತ್ತಿಕೊಂಡು. ಸೋರುವ ಸದ್ದು ಅಷ್ಟಾಗಿ ಮೈಕಿಗೆ ಹತ್ತಲಿಲ್ಲ.

ರೆಕಾರ್ಡ್ ಆದ ಮೇಲೆ ಕೇಳಿದರೆ ಅತ್ತೆಯ ದನಿ ಹಾರ್ಮೋನಿಯಂಗಿಂತ ಚೂರು ಮುಂದೆ ಓಡುತ್ತಿತ್ತು. ಅತ್ತೆ ಲಯ ತಪ್ಪುವವರಲ್ಲ. ಕಾರಣ ಆಡಾಸಿಟಿ. ಹೊಸ ಟ್ರ್ಯಾಕ್ ತಡವಾಗಿ ಬರುತ್ತದೆ ಅಂತ ಅದು ತಾನೇ 130 ಮಿಲಿಸೆಕೆಂಡ್ ಮುಂಚೆಗೆ ಎಳೆದು ಕೂರಿಸುತ್ತದೆ. ನಮ್ಮ ಕಾರ್ಡಿನ ತಡ ಅಷ್ಟಿಲ್ಲ. ಹೆಡ್‌ಫೋನನ್ನು ಮೈಕಿಗೆ ಒತ್ತಿ ಹಿಡಿದು 'ಟಿಕ್ ಟಿಕ್' ನುಡಿಸಿ ರೆಕಾರ್ಡ್ ಮಾಡಿ, ಎರಡು ಟಿಕ್ಕಿನ ನಡುವಿನ ಅಂತರ ಅಳೆದು, ಸೆಟ್ಟಿಂಗಿನಲ್ಲಿ ಆ ಅಂಕಿ ತಿದ್ದಿದೆ. ಆಮೇಲೆ ಸಮ ಸಮಕ್ಕೆ ಬಂತು.

ಎರಡನೇ ಚರಣದ ಮುಂಚೆ ಟೇಪಿನಲ್ಲಿ ತಾತ ಸ್ವಲ್ಪ ನಿಲ್ಲುತ್ತಾರೆ. ತಿದಿ ಎಳೆಯುವ ಕೈ ನೋಯುತ್ತಿತ್ತೋ ಏನೋ, ತಾಳಕ್ಕಿಂತ ಅರ್ಧ ಉಸಿರು ಜಾಸ್ತಿ. ನಾನು ಅದನ್ನು ಕತ್ತರಿಸಿ ಸಮ ಮಾಡೋಣ ಅಂದುಕೊಂಡಿದ್ದೆ. ಅತ್ತೆ ಮೊದಲ ಸಲ ಹಾಡುವಾಗಲೇ ಅಲ್ಲಿ ತಾವೂ ನಿಂತರು, ತಾತನ ಬೆರಳು ಇಳಿಯುವುದಕ್ಕೂ ಅವರ ದನಿ ಏಳುವುದಕ್ಕೂ ಒಂದು ಎಳೆಯೂ ಅಂತರ ಇರಲಿಲ್ಲ. ಮೂರು ಸಲ ಹಾಡಿದರು, ಮೂರು ಸಲವೂ ಹಾಗೇ. ಕತ್ತರಿಸಲಿಲ್ಲ.

ಟೇಪಿನ ಸುಯ್ ಸದ್ದು ತೆಗೆಯುವಾಗ ಕೈ ಹಿಡಿತದಲ್ಲಿರಲಿ. ಹಾರ್ಮೋನಿಯಂ ಶುರುವಾಗುವ ಮುಂಚಿನ ಎರಡು ಸೆಕೆಂಡಿನ ಸದ್ದನ್ನು ಮಾದರಿಯಾಗಿ ತೋರಿಸಿ, ನಾಯ್ಸ್ ರಿಡಕ್ಷನ್‌ನಲ್ಲಿ ಮೊದಲು 20 ಡೆಸಿಬೆಲ್ ಇಟ್ಟೆ. ಸುಯ್ ಹೋಯಿತು, ಜೊತೆಗೆ ತಿದಿಯ ಉಸಿರೂ ಹೋಯಿತು. ನೀರಿನೊಳಗಿಂದ ನುಡಿಸಿದ ಹಾಗೆ ಕೇಳಿಸಿತು. 6ಕ್ಕೆ ಇಳಿಸಿದೆ. ಸುಯ್ ಇದೆ, ತಾತನೂ ಇದ್ದಾರೆ. ಗುಂಯ್ ಸದ್ದನ್ನು 100ರ ಗೆರೆಯಲ್ಲಿ ಮಾತ್ರ ಸಣ್ಣಗೆ ಕೊರೆದೆ.

ಟೇಪಿನಲ್ಲಿ ಇಲ್ಲದ ಒಂದು ಸೋಬಾನೆ ಪದವನ್ನೂ ಅತ್ತೆ ಹಾಡಬೇಕು ಅಂದರು. ಅದಕ್ಕೆ ನಾನೇ ಹಾರ್ಮೋನಿಯಂ ಹಿಡಿದೆ. ಮೈಕು ಒಂದೇ, ಇಬ್ಬರದೂ ಅದರಲ್ಲೇ ಬರಬೇಕು. ದೂರ ದುಪ್ಪಟ್ಟಾದರೆ ಸದ್ದು 6 ಡೆಸಿಬೆಲ್ ಇಳಿಯುತ್ತದೆ ಅನ್ನುವ ಲೆಕ್ಕ ಹಿಡಿದು, ಅತ್ತೆ ಗೇಣಿನಲ್ಲಿ, ಹಾರ್ಮೋನಿಯಂ ಐದು ಅಡಿಯಲ್ಲಿ, ಅದೂ ಓರೆಯಾಗಿ. ನಾಲ್ಕು ಸಲ ಜಾಗ ಬದಲಾಯಿಸಿದ ಮೇಲೆ ಹದ ಬಂತು. 1902ರಲ್ಲಿ ಕಲ್ಕತ್ತದಲ್ಲಿ ಗಾಯಕಿ ಗೌಹರ್ ಜಾನ್ ಗ್ರಾಮಾಫೋನಿಗೆ ಹಾಡಿದಾಗ ಮೈಕೂ ಇರಲಿಲ್ಲ, ಒಂದು ಕಹಳೆ ಅಷ್ಟೇ. ಆಗ ಹದ ಬರುತ್ತಿದ್ದದ್ದೂ ಹೀಗೆ ಹತ್ತಿರ ದೂರ ಕೂತೇ. ಆಕೆ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಸ್ಥಾನಕ್ಕೆ ಬಂದು, 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಉಗ್ರಾಣದಲ್ಲಿ ಸ್ಟೂಲು ಅತ್ತ ಇತ್ತ ಸರಿಸುವಾಗ ಅವರ ನೆನಪಾಯಿತು.

ಎ ಸೈಡಿನ ನಾಲ್ಕು ಹಾಡು ಮುಗಿದಿವೆ. ಮೂಲ ಫೈಲನ್ನು ಏನೂ ತಿದ್ದದೆ ವೇವ್ ರೂಪದಲ್ಲೇ ಎರಡು ಪೆನ್‌ಡ್ರೈವಿಗೆ ಹಾಕಿದ್ದೇನೆ, ಒಂದು ಅತ್ತೆಯ ಟ್ರಂಕಿನಲ್ಲಿದೆ. ಎ ಸೈಡಿನ ಕೊನೆಯಲ್ಲಿ ತಾತ ತಿದಿ ಮುಚ್ಚಿ, ಲೋಟ ಕೆಳಗಿಟ್ಟು, "ಸಾಕಾ ಅಮ್ಮಯ್ಯ?" ಅಂತ ಯಾರನ್ನೋ ಕೇಳುತ್ತಾರೆ. ಅಲ್ಲಿಗೆ ಸ್ಟಾಪ್ ಬಟನ್ನಿನ ಸದ್ದು. ಅತ್ತೆ ಅದನ್ನು ತೆಗೆಯಬೇಡ ಅಂದರು. ಕೇಳಿದ್ದು ತಮ್ಮನ್ನೇ ಅಂತೆ. ಬಿ ಸೈಡಿನಲ್ಲಿ ಶ್ರುತಿ ಮತ್ತೆ ಬೇರೆ ಇದ್ದ ಹಾಗಿದೆ, ಬಹುಶಃ ಆಗ ಸೆಲ್ಲಿನಲ್ಲಿ ರೆಕಾರ್ಡ್ ಮಾಡಿದ್ದರು, ಗುಂಯ್ ಸದ್ದೂ ಇಲ್ಲ. ಹೆಡ್ಡಿನ ಸ್ಕ್ರೂ, ಸ್ಪೀಡು ಎರಡನ್ನೂ ಮತ್ತೆ ನೋಡಬೇಕು. ಮುಂದಿನ ಗುರುವಾರ ಹತ್ತರಿಂದ ನಾಲ್ಕರವರೆಗೆ ನಮ್ಮ ಬೀದಿಯಲ್ಲಿ ಕರೆಂಟ್ ಇರುವುದಿಲ್ಲ. ಅತ್ತೆ ಬುಧವಾರವೇ ಬರುತ್ತಾರೆ.